ಗಾಡಿ ನಿಲ್ಲಿಸದೆ ಹಳಿ ಬದಲಿಸುವುದು

ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದು ಆಯನೂರು ದಾಟಿದರೆ ನಮ್ಮ ಕುಂಸಿ. ಊರಿಗೊಂದು ರೈಲು ನಿಲ್ದಾಣವಿದೆ. ಮೊದಲು ಶಿವಮೊಗ್ಗ–ತಾಳಗುಪ್ಪ ಹಳಿ ಮೀಟರ್ ಗೇಜ್ ಆಗಿತ್ತು. ಅದರ ಮೇಲೆ ಒಂದೇ ಬೋಗಿಯ ರೈಲ್ ಬಸ್ಸು ತೂರಾಡಿಕೊಂಡು ಹೋಗುತ್ತಿತ್ತು. ಬ್ರಾಡ್ ಗೇಜ್ ಕೆಲಸ ಶುರುವಾದಾಗ ಅದು ನಿಂತಿತು. ಹಳೆ ಹಳಿ ಕಿತ್ತು ಹೊಸದು ಹಾಕಿ ಮತ್ತೆ ಗಾಡಿ ಬರುವ ತನಕ ಎಲ್ಲರೂ ಬಸ್ಸಿಗೆ ಜೋತುಬಿದ್ದರು. ರೈಲ್ವೆಗೆ ಅದು ನಡೆಯುತ್ತದೆ, ಪಕ್ಕದಲ್ಲೇ ರಸ್ತೆಯಿದೆ. ಅಡಿಕೆ ಮಂಡಿಯ ಬಿಲ್ಲಿಗೆ, ಸೊಸೈಟಿಯ ಸಾಲದ ಖಾತೆಗೆ, ರೈಸ್ ಮಿಲ್ಲಿನ ದಾಸ್ತಾನಿಗೆ ಅಂಥ ರಸ್ತೆ ಇಲ್ಲ. ಸಾಫ್ಟ್‌ವೇರ್ ನಿಂತರೆ ಅಂಗಡಿಯೇ ನಿಂತಂತೆ.

ರೈಲ್ವೆಯಲ್ಲೇ ಇನ್ನೊಂದು ವಿಧಾನವೂ ಇದೆ. ಮೀಟರ್ ಗೇಜಿನ ಹಳಿಗಳ ನಡುವೆ 1,000 ಮಿಲಿಮೀಟರ್ ಅಂತರ, ಬ್ರಾಡ್ ಗೇಜಿನಲ್ಲಿ 1,676. ಒಂದು ಹಳಿಯನ್ನು ಎರಡಕ್ಕೂ ಹೊಂದಿಸಿಕೊಂಡು ಮೂರನೆಯದೊಂದನ್ನು ಹಾಕಿದರೆ ಹಳೆ ಗಾಡಿಯೂ ಹೊಸ ಗಾಡಿಯೂ ಅದೇ ದಾರಿಯಲ್ಲಿ ಓಡುತ್ತವೆ. ಖರ್ಚು ಹೆಚ್ಚು, ಹಳಿ ಕೂಡುವ ಜಾಗಗಳಲ್ಲಿ ತಲೆನೋವು. ಆದರೆ ಗಾಡಿ ನಿಲ್ಲುವುದಿಲ್ಲ. ಹಳೆಯ ಸಾಫ್ಟ್‌ವೇರ್ ಬದಲಿಸಲು ಹೊರಟವರಿಗೆ ನಾನು ಹೇಳುವುದು ಈ ಮೂರನೇ ಹಳಿಯ ಕೆಲಸವನ್ನೇ.

ಮಾರ್ಟಿನ್ ಫೌಲರ್ ಎಂಬ ಸಾಫ್ಟ್‌ವೇರ್ ಲೇಖಕರು 2004ರಲ್ಲಿ ಇದೇ ವಿಧಾನಕ್ಕೆ ಆಸ್ಟ್ರೇಲಿಯಾದ ಕಾಡಿನಲ್ಲಿ ಕಂಡ, ಇನ್ನೊಂದು ಮರದ ಕತ್ತು ಹಿಸುಕುವ ಮರದ ಹೆಸರಿಟ್ಟರು. ಮಲೆನಾಡಿನವರಿಗೆ ಆ ಮರ ಹೊಸದೇನಲ್ಲ. ಹಕ್ಕಿ ಉದುರಿಸಿದ ಬೀಜ ಇನ್ನೊಂದು ಮರದ ಕವಲಿನಲ್ಲಿ ಮೊಳೆತು, ಬೇರು ಇಳಿಬಿಟ್ಟು, ಕೊನೆಗೆ ಒಳಗಿನ ಮರ ಸತ್ತು ಗೋಳಿ ಮಾತ್ರ ಉಳಿಯುವುದನ್ನು ನಾವು ದಿನಾ ನೋಡುತ್ತೇವೆ. ಹೋಲಿಕೆ ಚೆನ್ನಾಗಿದೆ, ಆದರೆ ಮಂಡಿಯ ಯಜಮಾನರ ಮುಂದೆ ಹೇಳಬೇಡಿ. ತಮ್ಮ ಇಪ್ಪತ್ತು ವರ್ಷದ ಪ್ರೋಗ್ರಾಂ ಅನ್ನು ಕತ್ತು ಹಿಸುಕಿ ಸಾಯಿಸುತ್ತೇವೆ ಎಂದರೆ ಯಾರು ದುಡ್ಡು ಕೊಡುತ್ತಾರೆ?

ಹಳೆಯದು ಅಂದರೆ ಯಾವುದು?

ಶಿವಮೊಗ್ಗ, ಭದ್ರಾವತಿಯ ವ್ಯಾಪಾರದ ಮನೆಗಳಲ್ಲಿ ಹಳೆಯದು ಅಂದರೆ ಮೊದಲು ನೆನಪಾಗುವುದು ಫಾಕ್ಸ್‌ಪ್ರೋ, ಆಮೇಲೆ ವಿಷುಯಲ್ ಬೇಸಿಕ್ 6. ಮೈಕ್ರೋಸಾಫ್ಟ್ ವಿಷುಯಲ್ ಬೇಸಿಕ್ 6ರ ಬೆಂಬಲವನ್ನು 2008ರಲ್ಲಿ ನಿಲ್ಲಿಸಿತು, ವಿಷುಯಲ್ ಫಾಕ್ಸ್‌ಪ್ರೋವಿನದನ್ನು 2015ರ ಜನವರಿಯಲ್ಲಿ. ಅಷ್ಟಕ್ಕೇ ಅವು ಕೆಟ್ಟವು ಎಂದು ನಾನು ಹೇಳುವುದಿಲ್ಲ. ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಕೈ ಪಳಗಿದ ಗುಮಾಸ್ತರು ಮೌಸ್ ಮುಟ್ಟದೆ ಒಂದು ಪಟ್ಟಿ ಮುಗಿಸುವ ವೇಗಕ್ಕೆ ಇವತ್ತಿನ ಎಷ್ಟೋ ವೆಬ್ ಪುಟಗಳು ಸಾಟಿಯಾಗಲಾರವು.

ತೊಂದರೆ ಬರುವುದು ಬೇರೆ ಕಡೆಯಿಂದ. 64 ಬಿಟ್ ವಿಂಡೋಸ್ ಮೇಲೆ ಡಾಸ್ ಕಾಲದ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಹಳೆ ಕಂಪ್ಯೂಟರ್ ಸುಟ್ಟುಹೋದ ದಿನವೇ ಅದು ಗೊತ್ತಾಗುವುದು. ಫಾಕ್ಸ್‌ಪ್ರೋವಿನ ಒಂದು ಡಿಬಿಎಫ್ ಕಡತ 2 ಜಿಬಿ ದಾಟುವಂತಿಲ್ಲ. ಬರೆದವರು ಬೆಂಗಳೂರು ಸೇರಿರುತ್ತಾರೆ, ಇಲ್ಲವೇ ನಿವೃತ್ತರಾಗಿರುತ್ತಾರೆ. ಇನ್ನೊಬ್ಬ ಸಾಫ್ಟ್‌ವೇರ್ ಲೇಖಕ ಮೈಕೆಲ್ ಫೆದರ್ಸ್ ತಮ್ಮ 2004ರ ಪುಸ್ತಕದಲ್ಲಿ ಹಳೆಯ ಕೋಡಿಗೆ ಕೊಟ್ಟ ವ್ಯಾಖ್ಯೆ ನನಗೆ ಹಿಡಿಸಿದ್ದು: ವಯಸ್ಸು ಎಷ್ಟೇ ಇರಲಿ, ಪರೀಕ್ಷೆಗಳಿಲ್ಲದ ಕೋಡೇ ಹಳೆಯ ಕೋಡು. ಆ ಲೆಕ್ಕದಲ್ಲಿ ನಿನ್ನೆ ಬರೆದದ್ದೂ ಹಳೆಯದಾಗಬಹುದು.

ನಾನು ಕೈ ಸುಟ್ಟುಕೊಂಡದ್ದು

2016ರಲ್ಲಿ ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಕೆಲಸ ಒಪ್ಪಿಕೊಂಡೆ. ಹೆಸರು ಬೇಡ. ಪೂರ್ತಿ ಹೊಸದಾಗಿ ಬರೆಯುತ್ತೇನೆ, ಒಂದು ವರ್ಷ ಹಳೆಯದಕ್ಕೆ ಕೈ ಹಚ್ಚುವುದಿಲ್ಲ, ಯಾವ ಬದಲಾವಣೆಯನ್ನೂ ಕೇಳಬೇಡಿ ಎಂದೆ. ಅವರು ತಲೆಯಾಡಿಸಿದರು. ನಾನೂ ನಂಬಿದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಹಳೆಯದನ್ನು ತಿದ್ದದೆ ವ್ಯಾಪಾರವೇ ನಡೆಯದು. ತಿದ್ದಿದ ಪ್ರತಿಯೊಂದನ್ನೂ ಅರ್ಧಕ್ಕೆ ನಿಂತ ಹೊಸದರಲ್ಲಿ ಮತ್ತೊಮ್ಮೆ ಬರೆಯಬೇಕು. ದೀಪಾವಳಿಯ ಹೊತ್ತಿಗೆ ಎರಡೂ ಒಂದಕ್ಕೊಂದು ತಾಳೆಯಾಗದಷ್ಟು ದೂರ ಹೋಗಿದ್ದವು. ಹೊಸದನ್ನು ಕೈಬಿಟ್ಟೆವು. ನನ್ನ ಒಂದು ವರ್ಷದ ಶ್ರಮ ಈಗಲೂ ಯಾವುದೋ ಹಾರ್ಡ್ ಡಿಸ್ಕಿನಲ್ಲಿದೆ.

ಜಿಎಸ್‌ಟಿಯನ್ನು ದೂರಿ ಫಲವಿಲ್ಲ. ಆ ವರ್ಷ ಅದು ಬರದಿದ್ದರೆ ಇನ್ನೇನೋ ಬರುತ್ತಿತ್ತು. ಓಡುವ ವ್ಯಾಪಾರಕ್ಕೆ ಒಂದು ವರ್ಷ ಸುಮ್ಮನಿರು ಎನ್ನಲಾಗದು. ಆ ಷರತ್ತು ಹಾಕಿದ್ದೇ ನನ್ನ ತಪ್ಪು.

ಭೂಮಿ ಹೇಗೆ ಗೆದ್ದಿತು

ಕೆಲಸ ನಿಲ್ಲಿಸದೆ ಹಳೆಯದನ್ನು ಸರಿಯಾಗಿ ಬದಲಿಸಿದವರು ಯಾರೆಂದು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಾಡಕಚೇರಿಯಲ್ಲಿ ಪಹಣಿ ತೆಗೆಸುವಾಗ ಕೈಗೆ ಬರುವ ಕಾಗದದ ಹಿಂದೆಯೇ ಆ ಕತೆಯಿದೆ.

ಕರ್ನಾಟಕದ ಪಹಣಿಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಅವನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಯತ್ನ 1990ರ ದಶಕದ ಆರಂಭದ್ದು, ಅದು ಫಲಿಸಲಿಲ್ಲ. ಕಂಪ್ಯೂಟರ್ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ, ಜಮೀನು ಕೈಬದಲಾಗಿ ದಾಖಲೆ ತಿದ್ದುಪಡಿಯಾಗುತ್ತಿದ್ದದ್ದು ತಾಲ್ಲೂಕಿನಲ್ಲಿ. ಒಮ್ಮೆ ಏರಿಸಿದ ದಾಖಲೆ ಮರುದಿನದಿಂದಲೇ ಹಳಸತೊಡಗಿತು. ಹೊಸ ಡೇಟಾಬೇಸ್ ಕಟ್ಟಿ, ಹಳೆಯದರ ಒಂದು ನಕಲನ್ನು ತುಂಬಿ, ಆಮೇಲೆ ನೋಡೋಣ ಎನ್ನುವ ಎಲ್ಲ ಯೋಜನೆಗಳ ಗತಿಯೂ ಇದೇ.

1990ರ ದಶಕದ ಕೊನೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ, ಕೇಂದ್ರ ಸರ್ಕಾರದ ಎನ್‌ಐಸಿಯ ತಾಂತ್ರಿಕ ನೆರವಿನಿಂದ ಶುರುವಾದ ‘ಭೂಮಿ’ ಆ ತಪ್ಪನ್ನು ತಿದ್ದಿತು. ಕಂಪ್ಯೂಟರ್ ತಾಲ್ಲೂಕು ಕಚೇರಿಗೇ ಬಂತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಏರಿದವು. ಏರಿಸಿದ್ದನ್ನು ಮುದ್ರಿಸಿ ಗ್ರಾಮಲೆಕ್ಕಿಗರ ಕೈಗೇ ಕೊಟ್ಟು ಮೂಲ ಪುಸ್ತಕದೊಡನೆ ತಾಳೆ ನೋಡಿಸಿದರು. ಖಾತೆ ಬದಲಾವಣೆಯ ಕ್ರಮವನ್ನು ಬುಡಮೇಲು ಮಾಡಲಿಲ್ಲ. ಅರ್ಜಿ, ನೋಟಿಸು, ಕಂದಾಯ ನಿರೀಕ್ಷಕರ ಆದೇಶ ಎಲ್ಲ ಹಾಗೇ ಉಳಿದವು. ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕೆಂಬ ಕಟ್ಟು ಬಿತ್ತು, ಯಾರು ತಿದ್ದಿದರೆಂದು ಗೊತ್ತಾಗಲು ಬೆರಳಚ್ಚು ಬಂತು. 15 ರೂಪಾಯಿಗೆ ಪಹಣಿ ಸಿಗತೊಡಗಿತು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನ ಹೆಜ್ಜೆ. ಒಂದು ತಾಲ್ಲೂಕಿನ ದಾಖಲೆ ಪಕ್ಕಾ ಆಯಿತೆಂದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವೆಂದು ಘೋಷಿಸಿದರು. ಇಡೀ ರಾಜ್ಯಕ್ಕೆ ಒಂದೇ ದಿನವಲ್ಲ, ಸಿದ್ಧವಾದ ತಾಲ್ಲೂಕಿಗೆ ಅದರದೇ ದಿನ. ಒಂದು ಕಡೆ ಹೊಸ ಹಳಿ, ಇನ್ನೊಂದು ಕಡೆ ಹಳೆಯದು, ಒಂದೇ ತಾಲ್ಲೂಕಿನಲ್ಲಿ ಮಾತ್ರ ಎರಡೂ ಬಹಳ ದಿನ ಇಲ್ಲ. ಇಂಥ ಯೋಜನೆಗಳು ಸೋಲುವುದು ಬಹುಪಾಲು ಈ ಕೊನೆಯ ಹೆಜ್ಜೆಯಲ್ಲೇ. ಹೊಸದು ಬಂದರೂ ಹಳೆಯದು ಮೂಲೆಯಲ್ಲಿ ಓಡುತ್ತಲೇ ಇರುತ್ತದೆ, ಐದು ವರ್ಷವಾದರೂ ಎರಡಕ್ಕೂ ಉಪಚಾರ ತಪ್ಪುವುದಿಲ್ಲ.

ಎದುರು ಉದಾಹರಣೆ ಬೇಕೆಂದರೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕನ್ನು ನೋಡಿ. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಖಾತೆಗಳನ್ನು ಒಂದೇ ಏಟಿಗೆ ಹೊಸ ವ್ಯವಸ್ಥೆಗೆ ಸಾಗಿಸಿದರು. 19 ಲಕ್ಷದಷ್ಟು ಜನ ತಮ್ಮ ಖಾತೆಯೊಳಗೆ ಹೋಗಲಾರದೆ ಹೊರಗುಳಿದರು. ನಿಯಂತ್ರಕರು 2022ರಲ್ಲಿ ಹಾಕಿದ ದಂಡ 4.8 ಕೋಟಿ ಪೌಂಡಿಗೂ ಹೆಚ್ಚು.

ಮೊದಲು ನಕಲು, ಆಮೇಲೆ ವರದಿ

ಹಾಗಾದರೆ ಮಂಡಿಯಲ್ಲೋ ಸೊಸೈಟಿಯಲ್ಲೋ ಎಲ್ಲಿಂದ ಶುರು? ನನ್ನ ಉತ್ತರ: ವರದಿಗಳಿಂದ. ದಿನದ ವಹಿವಾಟು ಮುಗಿದು ಎಲ್ಲರೂ ಪ್ರೋಗ್ರಾಂ ಮುಚ್ಚಿದ ಮೇಲೆ ಡಿಬಿಎಫ್ ಕಡತಗಳ ನಕಲು ತೆಗೆದು ಇನ್ನೊಂದು ಕಂಪ್ಯೂಟರಿನ ಹೊಸ ಡೇಟಾಬೇಸಿಗೆ ಹಾಕಿ. ಇದಕ್ಕಾಗಿ ಹಳೆ ಪ್ರೋಗ್ರಾಂನ ಒಂದು ಸಾಲನ್ನೂ ಮುಟ್ಟಬೇಡಿ. ಯಜಮಾನರು ಬಹಳ ದಿನದಿಂದ ಕೇಳುತ್ತಿರುವ ವರದಿ ಒಂದಾದರೂ ಇದ್ದೇ ಇರುತ್ತದೆ: ಯಾವ ರೈತರಿಗೆ ಎಷ್ಟು ಮುಂಗಡ ಬಾಕಿ, ರಾಶಿ ಎಷ್ಟು ಬಂತು, ಬೆಟ್ಟೆ, ಸರಕು, ಗೊರಬಲು ಎಷ್ಟು. ಅದನ್ನು ಮೊಬೈಲಿನಲ್ಲಿ ಕಾಣುವ ಹಾಗೆ ಮಾಡಿ ಕೊಡಿ. ಏನೂ ಕೆಡುವುದಿಲ್ಲ, ಏಕೆಂದರೆ ಇದು ಬರೀ ಓದುವ ಹಳಿ. ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ. ಹಳೆಯ ಡೇಟಾದ ಕೊಳೆಯೆಲ್ಲ ಈ ಹಂತದಲ್ಲೇ ಕಣ್ಣಿಗೆ ಬೀಳುತ್ತದೆ.

ಕೊಳೆ ಅಂದೆ. ಒಂದೆರಡು ಹೇಳಿಬಿಡುತ್ತೇನೆ, ನಿಮ್ಮ ನಿದ್ದೆ ಉಳಿಯುತ್ತದೆ. ಫಾಕ್ಸ್‌ಪ್ರೋದಲ್ಲಿ ಒಂದು ದಾಖಲೆಯನ್ನು ಅಳಿಸಿದರೆ ಅದು ನಿಜಕ್ಕೂ ಹೋಗುವುದಿಲ್ಲ, ಅಳಿಸಿದ್ದು ಎಂಬ ಗುರುತು ಮಾತ್ರ ಬೀಳುತ್ತದೆ. ಪ್ಯಾಕ್ ಮಾಡುವ ತನಕ ಕಡತದೊಳಗೇ ಇರುತ್ತದೆ. ಆ ಗುರುತು ನೋಡದ ಬೇರೆ ಸಾಧನದಿಂದ ಓದಿದರೆ ರದ್ದಾದ ಪಟ್ಟಿಗಳೂ ಎದ್ದು ಬಂದು ಮೊತ್ತ ಹೆಚ್ಚುತ್ತದೆ.

ಇನ್ನೊಂದು ಕನ್ನಡದ್ದು. ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಹೆಸರುಗಳು ಕಡತದೊಳಗೆ ಕನ್ನಡವಾಗಿಲ್ಲ. ಫಾಂಟ್ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಂತೆ. ಅವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಹಳೆ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಆಮೇಲೆ ಕೂರುತ್ತದೆ, ಯೂನಿಕೋಡಿನಲ್ಲಿ ಉಚ್ಚರಿಸುವ ಹಾಗೆ ರಕಾರ ಮೊದಲು ಬರುತ್ತದೆ. ನನ್ನ ಪರೀಕ್ಷೆ ಸರಳ: ‘ತೀರ್ಥಹಳ್ಳಿ’ ಸರಿಯಾಗಿ ಬಂತೇ? ಬಂದರೆ ಮುಂದೆ ಹೋಗುತ್ತೇನೆ. ಆಮೇಲೂ ಹೆಸರುಗಳ ಪಟ್ಟಿಯನ್ನು ಮುದ್ರಿಸಿ, ಆ ಜನರನ್ನು ಮುಖತಃ ಬಲ್ಲ ಒಬ್ಬರ ಕೈಗೆ ಕೊಡುತ್ತೇನೆ. ಗ್ರಾಮಲೆಕ್ಕಿಗರಿಗೆ ಮುದ್ರಿತ ಪ್ರತಿ ಕೊಟ್ಟ ಭೂಮಿಯವರಿಂದ ಕಲಿತದ್ದು ಇದು.

ಹಳೆ ಪಟ್ಟಿಯೇ ಪರೀಕ್ಷೆ

ವರದಿಗಳಾದ ಮೇಲೆ ಲೆಕ್ಕಾಚಾರ. ಹಳೆ ಪ್ರೋಗ್ರಾಂನ ನಿಯಮಗಳನ್ನು ಯಾರೂ ಬರೆದಿಟ್ಟಿರುವುದಿಲ್ಲ. ಆದರೆ ಅದು ವರ್ಷಗಟ್ಟಲೆ ಮಾಡಿದ ಬಿಲ್ಲುಗಳಿರುತ್ತವೆ. ಮೂರು ವರ್ಷದ ಪಟ್ಟಿಗಳನ್ನು ತೆಗೆದುಕೊಂಡು ಅದೇ ತೂಕ, ಅದೇ ದರವನ್ನು ಹೊಸ ಲೆಕ್ಕಕ್ಕೆ ಕೊಡಿ. ಬಂದ ಉತ್ತರವನ್ನು ಹಳೆ ಪಟ್ಟಿಯೊಂದಿಗೆ ಪೈಸೆಯ ಮಟ್ಟಕ್ಕೆ ಹೋಲಿಸಿ. ವ್ಯತ್ಯಾಸ ಬಂದಲ್ಲೆಲ್ಲ ನಿಂತು ಕೇಳಿ.

ಎರಡನೇ ಬಾರಿ ಇಂಥದೇ ಕೆಲಸಕ್ಕೆ ಇನ್ನೊಂದು ಕಡೆ ಕೂತಾಗ ಕೆಲವು ಖಾತೆಗಳಲ್ಲಿ ಮಾತ್ರ ತೂಕ ತಾಳೆಯಾಗಲಿಲ್ಲ. “ಅಣ್ಣಾ, ಇಲ್ಲಿ ಚೀಲದ ತೂಕ ಒಬ್ಬೊಬ್ಬರಿಗೆ ಒಂದೊಂದು ತರ ಕಳೀತಿದೆ, ಹಳೇದ್ರಲ್ಲೇ ತಪ್ಪಿದೆ” ಎಂದೆ. ಲೆಕ್ಕ ಬರೆಯುವ ಹಿರಿಯರು ಕನ್ನಡಕ ಹಣೆಗೇರಿಸಿದರು. “ತಪ್ಪಲ್ಲ ಮಾರಾಯ. ಅವ್ರು ಪ್ಲಾಸ್ಟಿಕ್ ಚೀಲದಲ್ಲಿ ತರ್ತಾರೆ. ಗೋಣಿಚೀಲದ ತೂಕ ಕಳೆದ್ರೆ ನಾಳೆ ಬೆಳಿಗ್ಗೆನೇ ಜಗಳಕ್ಕೆ ಬರ್ತಾರೆ.” ಯಾವ ಕಾಗದದಲ್ಲೂ ಇಲ್ಲದ ನಿಯಮ ಅದು. ಪೂರ್ತಿ ಹೊಸದಾಗಿ ಬರೆದಿದ್ದರೆ ಮೊದಲ ಸಂತೆಯ ದಿನವೇ ಸಿಕ್ಕಿಬೀಳುತ್ತಿದ್ದೆ.

ಸೊಸೈಟಿಗಳಲ್ಲಿ ಇದೇ ಜಗಳ ಬಡ್ಡಿಯ ಮೇಲೆ. ದಿನಕ್ಕೆ ಲೆಕ್ಕ ಹಾಕಿ ಕೊನೆಯಲ್ಲಿ ರೂಪಾಯಿಗೆ ಸರಿಮಾಡುವುದಕ್ಕೂ ತಿಂಗಳು ತಿಂಗಳೂ ಸರಿಮಾಡುವುದಕ್ಕೂ ಒಬ್ಬ ಸದಸ್ಯರ ಮಟ್ಟಿಗೆ ಒಂದೆರಡು ರೂಪಾಯಿ ಫರಕು. ಸಾವಿರ ಸದಸ್ಯರಾದರೆ ಆಡಿಟರ್ ಬಿಡುವುದಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ರಾಷ್ಟ್ರೀಯ ಸಾಫ್ಟ್‌ವೇರಿಗೆ ತರಲು 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು, ನಬಾರ್ಡ್ ಅದರ ಅನುಷ್ಠಾನ ಸಂಸ್ಥೆ. ನಿಮ್ಮ ಸಂಘದ ಸರದಿ ಬಂದಾಗ ಕಾರ್ಯದರ್ಶಿಗಳು ಮೂರು ಕಾಗದಗಳನ್ನು ಹಳೆಯದರಿಂದ ಮುದ್ರಿಸಿ ಸಹಿ ಹಾಕಿಟ್ಟುಕೊಳ್ಳಲಿ: ಆ ದಿನದ ತಾಳೆಪಟ್ಟಿ, ಸದಸ್ಯರ ಷೇರು ಪಟ್ಟಿ, ಅಸಲು–ಬಡ್ಡಿ ಬೇರೆಯಾಗಿ ತೋರಿಸುವ ಸಾಲ ಬಾಕಿಯ ಪಟ್ಟಿ. ಮುಂದೆ ಯಾವ ವಾದ ಬಂದರೂ ಇವೇ ಸಾಕ್ಷಿ.

ಈ ನಡುವೆ ಹೊಸ ಬೇಡಿಕೆ ಬಂದರೆ?

ಬಂದೇ ಬರುತ್ತದೆ. ಬರುವುದನ್ನು ತಡೆಯಬೇಡಿ, ಯಾವ ಹಳಿಗೆ ಎಂದು ತೀರ್ಮಾನಿಸಿ. ಕಾನೂನಿಗೆ, ತೆರಿಗೆಗೆ ಸಂಬಂಧಿಸಿದ್ದಾದರೆ ಹಳೆಯದರಲ್ಲಿ ಅಂದೇ ಮಾಡಿ. ಹೊಸ ವರದಿ, ಹೊಸ ಸೌಲಭ್ಯವಾದರೆ ಹೊಸದರಲ್ಲಿ ಮಾತ್ರ. ಹಳೆಯ ಪರದೆಯ ಬಣ್ಣ ಬದಲಿಸಿ, ಬಟನ್ ಆಚೆ ಸರಿಸಿ ಎಂಬುದಕ್ಕೆಲ್ಲ ನಗುತ್ತಾ ಇಲ್ಲ ಎನ್ನಿ. ಪದೇ ಪದೇ ಬದಲಾಗುವಂಥದನ್ನು ಕೋಡಿನಿಂದ ಹೊರಗೆ ತಂದು, ಎರಡೂ ಓದುವ ಒಂದೇ ಕೋಷ್ಟಕದಲ್ಲಿ ಇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗ ಹೀಗೆ ಇಟ್ಟುಕೊಂಡಿದ್ದವರು ಕೆಲವು ಸಾಲು ತಿದ್ದಿ ಊಟಕ್ಕೆ ಹೋದರು. ಇಲ್ಲದವರು ರಾತ್ರಿಯಿಡೀ ಕೋಡಿನಲ್ಲಿ ಅಂಕಿ ಹುಡುಕಿದರು.

ಹಳೆಯದಕ್ಕೊಂದು ತಂಡ, ಹೊಸದಕ್ಕೊಂದು ತಂಡ ಎಂದು ಮಾಡಬೇಡಿ. ಹಳೆಯವರಿಗೆ ಮನಸ್ಸು ಕೆಡುತ್ತದೆ, ಹೊಸಬರಿಗೆ ಪ್ಲಾಸ್ಟಿಕ್ ಚೀಲದ ಕತೆ ತಿಳಿಯುವುದಿಲ್ಲ. ಅದೇ ಜನ ಎರಡನ್ನೂ ಮಾಡಲಿ. ಕೋಡು ಒಂದೇ ಗಿಟ್ ಭಂಡಾರದಲ್ಲಿರಲಿ, ದಿನದಿನದ ಕೆಲಸ ಮುಖ್ಯ ಕವಲಿಗೇ ಸೇರಲಿ. ಆರು ತಿಂಗಳು ಬೇರೆ ಕವಲಿನಲ್ಲಿ ಬೆಳೆದ ಕೋಡನ್ನು ಕೊನೆಗೆ ಸೇರಿಸುವುದು ನರಕ. ಅರೆಬೆಂದ ಹೊಸ ಭಾಗ ಗ್ರಾಹಕರ ಕಂಪ್ಯೂಟರಿಗೆ ಹೋದರೂ ಚಿಂತೆಯಿಲ್ಲ, ಅದರ ಮುಂದೊಂದು ಸ್ವಿಚ್ ಇಟ್ಟು ಆಫ್ ಮಾಡಿಡಿ. ಒಂದು ಕೌಂಟರಿಗೆ ಮಾತ್ರ ಆನ್ ಮಾಡಿ ನೋಡಿ, ಕೆಟ್ಟರೆ ಆಫ್. ಮನೆಗೆ ಹೊಸ ವೈರಿಂಗ್ ಮಾಡುವಾಗ ಪ್ರತಿ ಕೋಣೆಗೊಂದು ಫ್ಯೂಸ್ ಇಟ್ಟ ಹಾಗೆ.

ಒಂದು ಮಾತು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಒಂದು ಅಂಕಿಗೆ ಒಬ್ಬರೇ ಯಜಮಾನರು. ರೈತರ ಬಾಕಿಯನ್ನು ಹಳೆಯದೂ ತಿದ್ದುತ್ತದೆ, ಹೊಸದೂ ತಿದ್ದುತ್ತದೆ ಎಂದಾದರೆ ಯಾವುದು ನಿಜ ಎಂದು ಮೂರನೇ ದಿನ ಯಾರಿಗೂ ತಿಳಿಯದು. ಹಸ್ತಾಂತರ ಆಗುವ ತನಕ ಬರೆಯುವ ಹಕ್ಕು ಹಳೆಯದಕ್ಕೆ, ಹೊಸದು ಬರೀ ಓದಲಿ; ತಾಳೆ ನೋಡಲು ಅದರಲ್ಲೂ ನಮೂದಿಸಿದರೆ ಆ ಅಂಕಿ ಲೆಕ್ಕಕ್ಕಿಲ್ಲ. ಆದ ಮೇಲೆ ಅದಲುಬದಲು.

ಯಾವಾಗ ಬದಲಿಸಬೇಕು

ಎಲ್ಲರೂ ಏಪ್ರಿಲ್ 1 ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಮಾರ್ಚ್ 31ರ ಲೆಕ್ಕ ಮುಗಿಸುವವರ ತಲೆ ಆಗ ಕಾದಿರುತ್ತದೆ, ಹೊಸ ಪರದೆ ಕಲಿಯಲು ಯಾರಿಗೂ ಪುರುಸೊತ್ತಿಲ್ಲ. ಅಡಿಕೆ ಭರದಿಂದ ಬರುವ ತಿಂಗಳುಗಳೂ ಬೇಡ. ನನ್ನ ಆಯ್ಕೆ ಆಷಾಢ. ಮಳೆ ಹಿಡಿದಿರುತ್ತದೆ, ಮಂಡಿಯಲ್ಲಿ ಜನ ಕಡಿಮೆ. ಯಜಮಾನರು ಆಷಾಢದಲ್ಲಿ ಹೊಸದು ಶುರು ಮಾಡುವುದಿಲ್ಲ ಎಂದು ಹಟ ಹಿಡಿದರೆ ನನ್ನ ರಾಜಿ ಸೂತ್ರವಿದೆ: ಆಷಾಢದಲ್ಲಿ ಎರಡೂ ಜೊತೆಜೊತೆಗೆ ಓಡಲಿ, ಪ್ರತಿ ಸಂಜೆ ಮೊತ್ತ ತಾಳೆ ನೋಡೋಣ. ಶ್ರಾವಣದಲ್ಲಿ ಪೂಜೆ ಮಾಡಿ ಹೊಸದಕ್ಕೆ ಯಜಮಾನಿಕೆ. ಈವರೆಗೆ ಯಾರೂ ಇಲ್ಲವೆಂದಿಲ್ಲ.

ಜೊತೆಗೆ ಓಡಿಸುವುದು ಒಂದು ತಿಂಗಳು ಸಾಕು, ಅದಕ್ಕಿಂತ ಹೆಚ್ಚು ಎಳೆಯಬೇಡಿ. ಎರಡು ಕಡೆ ನಮೂದಿಸುವ ಕೆಲಸ ಗುಮಾಸ್ತರ ಮೇಲೆ ಬೀಳುತ್ತದೆ. ಸುಸ್ತಾದವರು ಒಂದು ಕಡೆ ಬಿಟ್ಟೇಬಿಡುತ್ತಾರೆ, ಆಗ ತಾಳೆಯೂ ಸುಳ್ಳು. ಹಳೆಯದನ್ನು ಮುಚ್ಚುವ ದಿನಾಂಕವನ್ನು ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಚ್ಚಿದ ಮೇಲೂ ಹಳೆ ಪ್ರೋಗ್ರಾಂ, ಅದರ ಕಡತ, ಅದು ಓಡುವ ಕಂಪ್ಯೂಟರ್ ಮೂರನ್ನೂ ಆಡಿಟ್ ಅವಧಿ ಮುಗಿಯುವ ತನಕ ಓದಲು ಮಾತ್ರ ಉಳಿಸಿಕೊಳ್ಳಿ.

ಇಷ್ಟೆಲ್ಲ ಓದಿ ಯಾವುದೂ ಈಗ ಆಗದು ಎನಿಸಿದರೆ ಒಂದನ್ನಾದರೂ ಮಾಡಿ. ಇವತ್ತು ಸಂಜೆ ಅಂಗಡಿ ಮುಚ್ಚುವಾಗ ಡೇಟಾ ಇರುವ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ನಾಳೆ ಬೆಳಿಗ್ಗೆ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಹಿಂದಿನ ದಿನದ ಕೊನೆಯ ಪಟ್ಟಿಯ ಮೊತ್ತ ಸರಿಯಾಗಿ ಬರುತ್ತದೆಯೇ ನೋಡಿ.